ಗಣಿಗೆ ಮೊದಲು ಇಳಿಯಬೇಕಾದವರು ಯಾರು?



2018ರ ಜುಲೈ 10ರಂದು ಪಶ್ಚಿಮ ಆಸ್ಟ್ರೇಲಿಯಾದ ಟಾಮ್ ಪ್ರೈಸ್ ಗಣಿಯಿಂದ ಹೊರಟ ಗೂಡ್ಸ್ ರೈಲೊಂದು 280 ಕಿಲೋಮೀಟರು ಓಡಿ ಕೇಪ್ ಲ್ಯಾಂಬರ್ಟ್ ಬಂದರು ಸೇರಿತು. ಮೂರು ಎಂಜಿನ್ನು, 28 ಸಾವಿರ ಟನ್ ಕಬ್ಬಿಣದ ಅದಿರು. ಎಂಜಿನ್ನಿನಲ್ಲಿ ಚಾಲಕ ಇರಲಿಲ್ಲ. ರೈಲಿನ ಮೇಲೆ ಕಣ್ಣಿಟ್ಟವರು ಸುಮಾರು 1,500 ಕಿಲೋಮೀಟರು ದೂರದ ಪರ್ತ್ ನಗರದ ನಿಯಂತ್ರಣ ಕೇಂದ್ರದಲ್ಲಿ ಕೂತಿದ್ದರು. ರಿಯೋ ಟಿಂಟೋ ಕಂಪನಿಯ ಅದಿರು ರೈಲುಗಳು ಈಗ ಅಲ್ಲಿ ನಿತ್ಯ ಹೀಗೆಯೇ ಓಡುತ್ತವೆ.

ಗಣಿಗೆ ಸ್ವಯಂಚಾಲಿತ ಯಂತ್ರ ಬೇಕೇ ಬೇಡವೇ ಎಂದು ಚರ್ಚಿಸಲು ನಾನು ಇಲ್ಲಿ ನಿಂತಿಲ್ಲ. ಆ ಯಂತ್ರಗಳು ಬಂದಾಗಿದೆ, ಇನ್ನೂ ಬರುತ್ತವೆ. ಬಂದ ಯಂತ್ರಕ್ಕೆ ಮೊದಲು ಯಾವ ಕೆಲಸ ಒಪ್ಪಿಸಬೇಕು, ಅದನ್ನು ಯಾವ ಲೆಕ್ಕದ ಮೇಲೆ ತೀರ್ಮಾನಿಸಬೇಕು ಎಂಬುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಸಂಬಳ ಎಲ್ಲಿ ಹೆಚ್ಚೋ ಅಲ್ಲಿಗಲ್ಲ, ಜೀವಕ್ಕೆ ಅಪಾಯ ಎಲ್ಲಿ ಹೆಚ್ಚೋ ಅಲ್ಲಿಗೆ ಯಂತ್ರ ಮೊದಲು ಹೋಗಬೇಕು. ಕೇಳಲು ಇದು ಸರಳ. ಆದರೆ ಜಗತ್ತಿನಲ್ಲಿ ನಡೆದಿರುವುದು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ.

ಮೊದಲು ಆ ರೈಲು ಓಡಿದ ಪಿಲ್ಬರಾ ಸೀಮೆಯನ್ನೇ ನೋಡೋಣ. ವಿಸ್ತಾರ ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಕರ್ನಾಟಕದ ಎರಡೂವರೆ ಪಾಲು. ಜನಸಂಖ್ಯೆ ಮಾತ್ರ ಅರವತ್ತು ಸಾವಿರದ ಆಸುಪಾಸು. ಕೆಂಪು ನೆಲ, ಮುಳ್ಳುಹುಲ್ಲು, ಬೇಸಗೆಯಲ್ಲಿ ಕರಾವಳಿಯಿಂದ ನುಗ್ಗುವ ಚಂಡಮಾರುತ. ಅಲ್ಲಿನ ಮಾರ್ಬಲ್ ಬಾರ್ ಎಂಬ ಊರಿನಲ್ಲಿ 1923-24ರ ಬೇಸಗೆಯಲ್ಲಿ ಸತತ 160 ದಿನ ಉಷ್ಣಾಂಶ 37.8 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಇಂಥ ಜಾಗಕ್ಕೆ ಸಂಸಾರ ಸಮೇತ ಹೋಗಿ ನೆಲೆಸುವವರು ಕಡಿಮೆ. ಹಾಗಾಗಿ ಕಂಪನಿಗಳು ಪರ್ತ್‌ನಿಂದ ಕೆಲಸಗಾರರನ್ನು ವಿಮಾನದಲ್ಲಿ ಕರೆದೊಯ್ದು, ಒಂದೆರಡು ವಾರ ಶಿಬಿರದಲ್ಲಿಟ್ಟು, ದಿನಕ್ಕೆ ಹನ್ನೆರಡು ಗಂಟೆ ದುಡಿಸಿ, ಮತ್ತೆ ವಿಮಾನದಲ್ಲಿ ಮನೆಗೆ ಕಳಿಸುತ್ತವೆ. ಈ ಪದ್ಧತಿ ಕೆಲಸಗಾರರ ಮನಸ್ಸಿಗೆ ಎಷ್ಟು ಭಾರವಾಗಿದೆ ಎಂದು ಅಲ್ಲಿನ ರಾಜ್ಯ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿ 2015ರಲ್ಲಿ ವರದಿ ಕೊಟ್ಟಿತು. ಮಕ್ಕಳ ಹುಟ್ಟುಹಬ್ಬ, ಮನೆಯವರ ಕಾಯಿಲೆ, ಹಬ್ಬಹರಿದಿನ, ಎಲ್ಲವೂ ಅವರ ಪಾಲಿಗೆ ಫೋನಿನಲ್ಲೇ ನಡೆದುಹೋಗುತ್ತವೆ.

ಹೀಗೆ ಒಬ್ಬ ಲಾರಿ ಚಾಲಕನನ್ನು ಅಲ್ಲಿಟ್ಟುಕೊಳ್ಳುವುದೆಂದರೆ ಸಂಬಳದ ಮೇಲೆ ವಿಮಾನದ ಟಿಕೆಟ್ಟು, ಊಟ, ವಸತಿ, ಬದಲಿ ಪಾಳಿಯವನ ಖರ್ಚು ಎಲ್ಲ ಸೇರುತ್ತದೆ. ಯಂತ್ರಕ್ಕೆ ದಾರಿ ತೆರೆದದ್ದು ಮುಖ್ಯವಾಗಿ ಈ ಲೆಕ್ಕ. 2008ರಲ್ಲಿ ಚಿಲಿ ದೇಶದ ಗೇಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ ಕೊಮಾಟ್ಸು ಕಂಪನಿಯ ಚಾಲಕರಿಲ್ಲದ ಡಂಪರುಗಳು ಕೆಲಸಕ್ಕಿಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಪಿಲ್ಬರಾದ ವೆಸ್ಟ್ ಏಂಜೆಲಾಸ್ ಗಣಿಯಲ್ಲೂ ಪ್ರಯೋಗ ಶುರುವಾಯಿತು. 2010ರಲ್ಲಿ ಪರ್ತ್‌ನ ನಿಯಂತ್ರಣ ಕೇಂದ್ರ ತೆರೆಯಿತು. 2017ರಲ್ಲಿ ಪ್ರತಿ ಸ್ವಯಂಚಾಲಿತ ಡಂಪರು ಚಾಲಕರಿರುವ ಡಂಪರಿಗಿಂತ ಸುಮಾರು 700 ಗಂಟೆ ಹೆಚ್ಚು ದುಡಿಯಿತು, ತುಂಬಿ ಸಾಗಿಸುವ ಖರ್ಚು ಶೇಕಡ 15ರಷ್ಟು ಇಳಿಯಿತು ಎಂದು ರಿಯೋ ಟಿಂಟೋ ಹೇಳಿಕೊಂಡಿದೆ. ಊಟಕ್ಕೆ ನಿಲ್ಲುವುದಿಲ್ಲ, ಪಾಳಿ ಬದಲಿಗೆ ನಿಲ್ಲುವುದಿಲ್ಲ. ಅಷ್ಟು ಗಂಟೆ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಆ ಡಂಪರು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಹೊರುವ ಭಾರ ಸುಮಾರು 290 ಟನ್. ಒಂದೊಂದು ಟೈರು ಎರಡು ಆಳೆತ್ತರ. ಉಪಗ್ರಹಗಳಿಂದ ತಾನಿರುವ ಜಾಗವನ್ನು ಅದು ಅತಿ ನಿಖರವಾಗಿ ಅರಿಯುತ್ತದೆ. ರೇಡಾರು, ಲೇಸರು ಮುಂದಿನ ದಾರಿಯನ್ನು ತಡಕುತ್ತವೆ. ಯಾವ ಶವಲ್ಲಿನ ಕೆಳಗೆ ನಿಲ್ಲಬೇಕು, ಯಾವ ಕ್ರಷರಿಗೆ ಸುರಿಯಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಎಂಬ ಆಜ್ಞೆ ನಿಸ್ತಂತು ಜಾಲದ ಮೂಲಕ ಬರುತ್ತದೆ. ಜಾಲ ಕಡಿದರೆ ನಿಂತುಬಿಡುತ್ತದೆ. ಆ ಆವರಣದೊಳಗೆ ಕಾಲಿಡುವ ಪ್ರತಿ ಜೀಪು, ಪ್ರತಿ ಗ್ರೇಡರು ತಾನೆಲ್ಲಿದ್ದೇನೆಂದು ಸಾರುವ ಸಾಧನ ಹೊತ್ತಿರಲೇಬೇಕು. ನಕ್ಷೆಯಲ್ಲಿ ಕಾಣದ ವಾಹನಕ್ಕೆ ಒಳಗೆ ಪ್ರವೇಶವಿಲ್ಲ.

ಇಷ್ಟಾದರೂ ಅದಕ್ಕೆ ಎಟುಕದ ಸಂಗತಿಗಳಿವೆ. ಗಣಿಯ ರಸ್ತೆಯಲ್ಲಿ ದೂಳು ಏಳದಂತೆ ಟ್ಯಾಂಕರು ನೀರು ಚಿಮುಕಿಸುತ್ತಾ ಹೋಗುತ್ತದೆ. ಅನುಭವಿ ಚಾಲಕ ಮಣ್ಣಿನ ಬಣ್ಣ ಕಪ್ಪಾದದ್ದನ್ನು ದೂರದಿಂದಲೇ ನೋಡಿ, ಇಳಿಜಾರಿಗೆ ಮುಂಚೆಯೇ ವೇಗ ತಗ್ಗಿಸುತ್ತಾನೆ. ಯಂತ್ರಕ್ಕೆ ಆ ಕಪ್ಪು ಏನನ್ನೂ ಹೇಳುವುದಿಲ್ಲ. ಚಕ್ರ ಜಾರಿದ ಮೇಲಷ್ಟೇ ಅದಕ್ಕೆ ತಿಳಿಯುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಅರ್ಥಪೂರ್ಣವಾಗಿ ಕಂಡದ್ದು: ಮನುಷ್ಯರು ಓಡಿಸುವಾಗ ಒಬ್ಬ ಸ್ವಲ್ಪ ಎಡಕ್ಕೆ, ಇನ್ನೊಬ್ಬ ಸ್ವಲ್ಪ ಬಲಕ್ಕೆ ಹೋಗುವುದರಿಂದ ರಸ್ತೆ ಒಂದೇ ಸಮ ಸವೆಯುತ್ತಿತ್ತು. ಯಂತ್ರಗಳೋ, ಹಿಂದಿನದು ಹೋದ ಜಾಡಿನಲ್ಲೇ ಒಂದಂಗುಲ ತಪ್ಪದೆ ಹೋಗುತ್ತವೆ. ನೂರಾರು ಟನ್ ಭಾರ ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಉರುಳಿ ರಸ್ತೆಯಲ್ಲಿ ಆಳವಾದ ಗಾಲಿಗುಂಡಿ ಬೀಳುತ್ತದೆ. ಕೊನೆಗೆ ಎಂಜಿನಿಯರುಗಳು ಬೇಕೆಂದೇ ಆ ಜಾಡುಗಳನ್ನು ಆಚೀಚೆ ಸರಿಸುವ ಏರ್ಪಾಡು ಮಾಡಬೇಕಾಯಿತು. ಚಾಲಕರು ತಮಗೇ ಗೊತ್ತಿಲ್ಲದೆ ಮಾಡುತ್ತಿದ್ದ ಉಪಕಾರವೊಂದು ಹೀಗೆ ಲೆಕ್ಕಕ್ಕೆ ಬಂತು. ಅವರಿದ್ದಾಗ ಯಾವ ಖಾತೆಯಲ್ಲೂ ಅದರ ನಮೂದಿರಲಿಲ್ಲ.

ಅಪಘಾತಗಳೂ ಆಗಿವೆ. 2014ರಲ್ಲಿ ಪಿಲ್ಬರಾದ ಜಿಂಬಲ್‌ಬಾರ್ ಗಣಿಯಲ್ಲಿ ಮನುಷ್ಯ ಓಡಿಸುತ್ತಿದ್ದ ನೀರಿನ ಟ್ಯಾಂಕರಿಗೂ ಚಾಲಕನಿಲ್ಲದ ಡಂಪರಿಗೂ ಡಿಕ್ಕಿಯಾಯಿತು. ಮನುಷ್ಯನೂ ಯಂತ್ರವೂ ಒಂದೇ ರಸ್ತೆ ಹಂಚಿಕೊಳ್ಳುವ ಜಾಗವೇ ಅಪಾಯದ ಜಾಗ. ಮರುವರ್ಷ, 2015ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಸ್ವಯಂಚಾಲಿತ ಗಣಿ ವಾಹನಗಳಿಗಾಗಿಯೇ ಸುರಕ್ಷತಾ ಸಂಹಿತೆಯೊಂದನ್ನು ಪ್ರಕಟಿಸಿತು.

ಹಾಗೆಂದು ಚಾಲಕ ಇದ್ದ ಮಾತ್ರಕ್ಕೆ ಎಲ್ಲ ಸುರಕ್ಷಿತ ಎನ್ನುವವರಿಗೆ 2018ರ ನವೆಂಬರ್ 5ರ ಘಟನೆ ನೆನಪಿಸುತ್ತೇನೆ. ಪಿಲ್ಬರಾದಲ್ಲೇ ಬಿಎಚ್‌ಪಿ ಕಂಪನಿಯ ಅದಿರು ರೈಲು, 268 ವ್ಯಾಗನ್ನುಗಳದ್ದು, ದಾರಿಯಲ್ಲಿ ನಿಂತಿತು. ನಸುಕಿನಲ್ಲಿ ಚಾಲಕ ಕೆಳಗಿಳಿದು ವ್ಯಾಗನ್ನುಗಳ ಬಳಿ ಹೋದ. ಅಷ್ಟರಲ್ಲಿ ಬ್ರೇಕು ಸಡಿಲಗೊಂಡು ರೈಲು ತಾನಾಗಿ ಹೊರಟಿತು. ಎಂಜಿನ್ನಿನಲ್ಲಿ ಯಾರೂ ಇಲ್ಲದೆ, ನೂರು ಕಿಲೋಮೀಟರು ಮೀರಿದ ವೇಗದಲ್ಲಿ, 92 ಕಿಲೋಮೀಟರು ಓಡಿತು. ಕೊನೆಗೆ ಪರ್ತ್‌ನ ಕೇಂದ್ರದಲ್ಲಿದ್ದವರು ಪೋರ್ಟ್ ಹೆಡ್‌ಲ್ಯಾಂಡ್ ಪಟ್ಟಣ ಸೇರುವ ಮುನ್ನವೇ ಅದನ್ನು ಬೇಕೆಂದೇ ಹಳಿ ತಪ್ಪಿಸಿದರು. ಯಾರಿಗೂ ಗಾಯವಾಗಲಿಲ್ಲ. ಅದು ಸ್ವಯಂಚಾಲಿತ ರೈಲಾಗಿರಲಿಲ್ಲ. ದೂರದ ಕೊಠಡಿಯಲ್ಲಿದ್ದ ಕೈಗಳು ಅಂದು ಜನವಸತಿಯನ್ನು ಅಪಾಯದಿಂದ ತಪ್ಪಿಸಿದವು ಎಂಬುದನ್ನು ಒಪ್ಪಲೇಬೇಕು. ಇನ್ನು ರಿಯೋ ಟಿಂಟೋ ತನ್ನ ರೈಲುಗಳಿಗೆ ಚಾಲಕರನ್ನು ತಲುಪಿಸಲು, ಅವರನ್ನು ಮರಳಿ ಕರೆತರಲು ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರು ರಸ್ತೆ ಪ್ರಯಾಣ ಮಾಡಿಸಬೇಕಿತ್ತು. ಆ ಮರುಭೂಮಿಯ ರಸ್ತೆಗಳಲ್ಲಿ, ದಣಿದ ಕಣ್ಣುಗಳ ಆ ಪ್ರಯಾಣ ತಪ್ಪಿದ್ದು ಸಣ್ಣ ವಿಷಯವಲ್ಲ.

ಆದರೆ ದೂರದ ಕೊಠಡಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಒಂದು ಟೈರಿನ ಉಷ್ಣಾಂಶ ಏರಿದರೆ ಪರ್ತ್‌ನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. 2020ರ ಮೇ ತಿಂಗಳಲ್ಲಿ ಅದೇ ಪಿಲ್ಬರಾದ ಜೂಕನ್ ಕಣಿವೆಯಲ್ಲಿ ರಿಯೋ ಟಿಂಟೋ ಗಣಿ ವಿಸ್ತರಣೆಗಾಗಿ ಸಿಡಿಮದ್ದು ಸಿಡಿಸಿ, 46 ಸಾವಿರ ವರ್ಷಗಳ ಹಿಂದಿನಿಂದ ಮನುಷ್ಯರು ಬಳಸಿದ ಕುರುಹುಗಳಿದ್ದ ಕಲ್ಲಾಸರೆಗಳನ್ನು ನಾಶ ಮಾಡಿತು. ಅವು ಪೂಟು ಕುಂಟಿ ಕುರ್ರಮ ಮತ್ತು ಪಿನಿಕುರ ಮೂಲನಿವಾಸಿಗಳಿಗೆ ಪವಿತ್ರ ಸ್ಥಳ. ಕಾನೂನಿನ ಅನುಮತಿ ಇತ್ತು. ಆ ಜನರ ವಿರೋಧವೂ ಕಂಪನಿಗೆ ಗೊತ್ತಿತ್ತು. ದೇಶವಿಡೀ ಆಕ್ರೋಶ ಎದ್ದು ಕಂಪನಿಯ ಮುಖ್ಯಸ್ಥರೇ ಹುದ್ದೆ ತೊರೆಯಬೇಕಾಯಿತು. ಇದಕ್ಕೆ ಸ್ವಯಂಚಾಲಿತ ಯಂತ್ರಗಳು ಕಾರಣವಲ್ಲ, ಆ ಆರೋಪವನ್ನು ನಾನು ಹೊರಿಸುವುದಿಲ್ಲ. ಆದರೆ ನೆಲದ ಮೇಲೆ ನಿಂತು, ಆ ನೆಲದವರ ಜತೆ ಊಟ ಮಾಡಿ ಕೆಲಸ ಮಾಡುವ ಜನ ಕಡಿಮೆಯಾದಷ್ಟೂ ಇಂಥ ಎಚ್ಚರಿಕೆಯ ಮಾತು ತೀರ್ಮಾನ ಮಾಡುವ ಮೇಜಿಗೆ ತಲುಪುವ ದಾರಿಗಳು ಕಡಿಮೆಯಾಗುತ್ತವೆ ಎಂಬ ಆತಂಕ ನನ್ನದು. ಟೈರಿಗೆ ಸಂವೇದಕ ಕೂರಿಸಬಹುದು. ಒಂದು ಸಮುದಾಯದ ನೋವಿಗೆ ಕೂರಿಸಲಾಗದು.

ಈಗ ನಮ್ಮ ನೆಲಕ್ಕೆ ಬರೋಣ. ಗಣಿಗಾಗಿ ದೂರವನ್ನು ಗೆಲ್ಲುವ ಸಾಹಸ ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಗಣಿಯ ನಂತರ. ಮುಂದೆ ಕುದುರೆಮುಖದಲ್ಲಿ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದ ಮೇಲಿನಿಂದ ಮಂಗಳೂರಿನವರೆಗೆ 67 ಕಿಲೋಮೀಟರು ಕೊಳವೆಯಲ್ಲಿ ಹರಿಸಿದರು. ಆ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಮುಚ್ಚಿತು. ಸಂಡೂರಿನ ಬೆಟ್ಟಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸಲು ಉದ್ದನೆಯ ಕೊಳವೆ ಕನ್ವೇಯರ್ ಬಂದಿದೆ. ಟಿಪ್ಪರುಗಳ ಸಾಲಿನಿಂದ ಕೆಂಪಾಗಿದ್ದ ಊರುಗಳಿಗೆ ಅದರಿಂದ ಸಿಗುವ ಉಸಿರನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಕೋಲಾರದ ಆಳಕ್ಕೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗಿಳಿದಿತ್ತು. ಅಲ್ಲಿ ಬಂಡೆಯ ಉಷ್ಣಾಂಶವೇ 65 ಡಿಗ್ರಿಯ ಸುತ್ತಮುತ್ತ. ಆ ಆಳದಲ್ಲಿ ಮೇಲಿನ ಭೂಮಿಯ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಗಣಿಯವರು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಸಿಡಿಮದ್ದು ಬೇಡ, ಎಚ್ಚರಿಕೆಯ ಗಂಟೆ ಇಲ್ಲ. ಗೋಡೆಯೇ ಗುಂಡಿನಂತೆ ಒಳಕ್ಕೆ ಹಾರುತ್ತದೆ. ದೊಡ್ಡ ಸಿಡಿತವಾದಾಗ ಮೇಲಿನ ಕಾಲೊನಿಗಳ ಮನೆಗಳು ನಡುಗುತ್ತಿದ್ದವು. ಪಾಳಿಗೆ ಹೋದವರ ಮನೆಯ ಹೆಂಗಸರು ಶಾಫ್ಟಿನ ಬಳಿಗೆ ಓಡುತ್ತಿದ್ದರು. ಇನ್ನೊಂದು ಸಾವು ನಿಧಾನವಾದದ್ದು: ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್. ಕೋಲಾರದ ಕಾರ್ಮಿಕರಲ್ಲಿ ಈ ರೋಗ ಎಷ್ಟು ವ್ಯಾಪಿಸಿದೆ ಎಂಬುದು 1940ರ ದಶಕದಲ್ಲೇ ವೈದ್ಯಕೀಯ ಸಮೀಕ್ಷೆಯಲ್ಲಿ ದಾಖಲಾಗಿತ್ತು. ಉಸಿರಾಡಲಾಗದೆ ಜಗಲಿಯಲ್ಲಿ ಕೂತೇ ರಾತ್ರಿ ಕಳೆಯುವ ನಿವೃತ್ತ ಕಾರ್ಮಿಕರು ಆ ಊರಿಗೆ ಹೊಸಬರಲ್ಲ.

ದೂರದಿಂದ ಗಣಿಯನ್ನು ನೋಡಿಕೊಳ್ಳುವ ವಿದ್ಯೆ ನಮ್ಮಲ್ಲಿ ಬೆಳೆದದ್ದು ಈ ಸಾವುಗಳ ನಡುವೆ. ಬಂಡೆ ಸಿಡಿಯುವ ಮೊದಲು, ಸಿಡಿಯುವಾಗ ಹೊರಡುವ ಕಂಪನಗಳನ್ನು ಹಿಡಿಯಲು 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಅಲ್ಲಿ ಜಿಯೋಫೋನುಗಳ ಜಾಲ ಹಾಕಿದರು. ನೆಲದ ಮೇಲೆ ಕೂತವರಿಗೆ, ಕೆಳಗೆ ಎಲ್ಲಿ ಸಿಡಿತವಾಯಿತು ಎಂದು ಲೆಕ್ಕ ಹಾಕಿ, ರಕ್ಷಣಾ ತಂಡವನ್ನು ನೇರವಾಗಿ ಆ ಮಜಲಿಗೆ ಕಳಿಸುವುದು ಸಾಧ್ಯವಾಯಿತು. 1988ರಲ್ಲಿ ಕೋಲಾರದಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿ ಬೆಳೆದ ಆ ವಿದ್ಯೆಗೆ ಲಾಭದ ಲೆಕ್ಕ ಪ್ರೇರಣೆಯಾಗಿರಲಿಲ್ಲ. ಯಾರು ಸಾಯುತ್ತಿದ್ದಾರೆ, ಎಲ್ಲಿ ಸಾಯುತ್ತಿದ್ದಾರೆ ಎಂಬ ಪ್ರಶ್ನೆಯಿಂದ ಹೊರಟದ್ದು ಅದು. ಪಿಲ್ಬರಾದ ಮಾದರಿಗಿಂತ ಈ ಮಾದರಿ ನನಗೆ ದೊಡ್ಡದಾಗಿ ಕಾಣುತ್ತದೆ.

ಭೂಗರ್ಭದ ಗಣಿಯಲ್ಲಿ ಯಂತ್ರವನ್ನು ಎಲ್ಲಿ ಮೊದಲು ಕಳಿಸಬೇಕು ಎಂಬುದಕ್ಕೆ ಉತ್ತರ ಹುಡುಕಬೇಕಾಗಿಯೇ ಇಲ್ಲ. ಸಿಡಿಮದ್ದು ಸಿಡಿಸಿದ ಕೂಡಲೇ ಆ ಜಾಗದಲ್ಲಿ ವಿಷಗಾಳಿ ತುಂಬಿರುತ್ತದೆ. ಮೇಲ್ಛಾವಣಿಯಲ್ಲಿ ಸಡಿಲಗೊಂಡ ಕಲ್ಲು ನೇತಾಡುತ್ತಿರುತ್ತದೆ. ಗಾಳಿ ಶುದ್ಧವಾಗಲು ಕಾಯಬೇಕು, ಆಮೇಲೆ ಒಬ್ಬ ಉದ್ದನೆಯ ಸರಳು ಹಿಡಿದು ಛಾವಣಿಯನ್ನು ತಟ್ಟಿ ತಟ್ಟಿ, ಸದ್ದಿನಿಂದಲೇ ಸಡಿಲ ಕಲ್ಲನ್ನು ಗುರುತಿಸಿ ಉದುರಿಸಬೇಕು. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ, ಸಡಿಲವಾದದ್ದು ಟೊಳ್ಳು ಸದ್ದು ಕೊಡುತ್ತದೆ. ಈ ಕಿವಿ ಬರಲು ವರ್ಷಗಳು ಬೇಕು. ಅದು ಬರುವ ಮುನ್ನವೇ ಸತ್ತವರೂ ಇದ್ದಾರೆ. ಆ ಜಾಗಕ್ಕೆ ಅದಿರು ಬಾಚುವ ಲೋಡರನ್ನು ಮೇಲಿನ ಕೊಠಡಿಯಿಂದ ಕ್ಯಾಮೆರಾ ನೋಡುತ್ತಾ ಓಡಿಸುವ ವ್ಯವಸ್ಥೆಗಳು ಜಗತ್ತಿನಲ್ಲಿ ಬಳಕೆಯಲ್ಲಿವೆ. ಚಿಲಿಯ ಎಲ್ ತೆನಿಯೆಂತೆ ಗಣಿಯಲ್ಲಿ 2000ದ ದಶಕದಲ್ಲೇ ಇವು ಬಂದವು. ಯಂತ್ರವಿರುವ ಸುರಂಗದ ಬಾಯಿಗೆ ಬೆಳಕಿನ ತಡೆಗೋಡೆ ಇರುತ್ತದೆ. ಯಾರಾದರೂ ಅಡ್ಡ ದಾಟಿದ ಕ್ಷಣವೇ ಯಂತ್ರ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಹಣ ಉಳಿಸುವ ಹೆಸರಿನಲ್ಲಿ ನಮ್ಮಲ್ಲಿ ಇದೇ ಆಗಬಹುದು. ಅರೆಬರೆ ಸ್ವಯಂಚಾಲನೆ ಪೂರ್ತಿ ಕೈಕೆಲಸಕ್ಕಿಂತ ಅಪಾಯಕಾರಿ. ಲೋಡರನ್ನು ಕಣ್ಣಳತೆಯಲ್ಲಿ ರಿಮೋಟು ಹಿಡಿದು ಓಡಿಸುವ ಪದ್ಧತಿ ಮೊದಲು ಬಂತು. ಕುಸಿಯುವ ಜಾಗದೊಳಗೆ ಚಾಲಕ ಹೋಗುವುದು ತಪ್ಪಿತು ನಿಜ. ಆದರೆ ಅವನು ಕ್ಯಾಬಿನ್ನಿನ ಉಕ್ಕಿನ ರಕ್ಷಣೆಯಿಂದ ಹೊರಬಂದು, ಇಕ್ಕಟ್ಟಿನ ಸುರಂಗದಲ್ಲಿ, ಹತ್ತಾರು ಟನ್ ತೂಗುವ ಯಂತ್ರದ ಪಕ್ಕದಲ್ಲೇ ಬರಿಮೈಯಲ್ಲಿ ನಿಂತ. ಯಂತ್ರಕ್ಕೂ ಗೋಡೆಗೂ ನಡುವೆ ಸಿಕ್ಕು ಸತ್ತವರ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದವು. ಅಗ್ಗದ ರಿಮೋಟು ಕೊಂಡು ಸುಧಾರಣೆ ಆಯಿತೆಂದು ಘೋಷಿಸುವುದಕ್ಕಿಂತ, ಕೊಳ್ಳದೆ ಇರುವುದು ಮೇಲು.

ಬಳ್ಳಾರಿಯ ಮಾತೂ ಇದೆ. ಅಲ್ಲಿ ಅಕ್ರಮ ಗಣಿಗಾರಿಕೆ ಯಾವ ಮಟ್ಟ ಮುಟ್ಟಿತ್ತೆಂದರೆ 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಲೋಕಾಯುಕ್ತ ವರದಿಗಳು ತೋರಿಸಿದ್ದು ತೂಕದ ಮೋಸ, ಪರ್ಮಿಟ್ಟಿನ ಮೋಸ, ಗಡಿಯ ಮೋಸ. ಅಲ್ಲಿ ಬೇಕಿದ್ದದ್ದು ಲಾರಿ ಓಡಿಸುವ ಯಂತ್ರವಲ್ಲ. ಲಾರಿಯ ತೂಕ, ದಾರಿ, ಹೊತ್ತು ಇವನ್ನು ಯಾರ ಕೈಯೂ ತಿದ್ದಲಾಗದಂತೆ ದಾಖಲಿಸುವ ಯಂತ್ರ. ಆ ದಾಖಲೆ ಕಂಪನಿಯ ಕೊಠಡಿಯಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಬೆಟ್ಟದ ಬುಡದ ಗ್ರಾಮ ಪಂಚಾಯಿತಿಯವರು ತಮ್ಮ ಊರಿನ ಮೂಲಕ ನಿನ್ನೆ ಎಷ್ಟು ಟನ್ ಅದಿರು ಹೋಯಿತು ಎಂದು ಫೋನಿನಲ್ಲೇ ನೋಡುವಂತಿರಬೇಕು. ಇದಕ್ಕೆ ಬೇಕಾದ ತಂತ್ರಜ್ಞಾನ ಚಾಲಕನಿಲ್ಲದ ಡಂಪರಿಗಿಂತ ಎಷ್ಟೋ ಸುಲಭ. ಸುಲಭವಾದದ್ದು ತಡವಾಗುತ್ತಿರುವುದಕ್ಕೆ ಕಾರಣ ತಂತ್ರಜ್ಞಾನದಲ್ಲಿಲ್ಲ ಎಂಬುದು ನಿಮಗೂ ಗೊತ್ತು.

ಕೆಲಸ ಕಳೆದುಕೊಳ್ಳುವವರ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಹೋಗಲು ನನ್ನಿಂದಾಗದು. ಪಿಲ್ಬರಾದಲ್ಲಿ ಡಂಪರು ಓಡಿಸುವುದು ಮೂಲನಿವಾಸಿ ಯುವಕರಿಗೆ ಒಳ್ಳೆಯ ಸಂಬಳದ ಮೊದಲ ಮೆಟ್ಟಿಲಾಗಿತ್ತು. ಆ ಕುರ್ಚಿ ಪರ್ತ್‌ಗೆ ಹೋದರೆ ಅವರೂ ಪರ್ತ್‌ಗೆ ಹೋಗಬೇಕೇ? ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಪರ್ತ್‌ನ ಸರ್ಕಾರಿ ತಾಂತ್ರಿಕ ಕಾಲೇಜೊಂದು ಸ್ವಯಂಚಾಲಿತ ಗಣಿ ಕೆಲಸಕ್ಕೆಂದೇ ಕೋರ್ಸು ಶುರು ಮಾಡಿತು. ಮೊದಲ ಪ್ರಯೋಗದ ಡಂಪರುಗಳು ಓಡಿ ಹತ್ತು ವರ್ಷವಾದ ಮೇಲೆ. ಅಷ್ಟು ತಡ ನಾವು ಮಾಡಬಾರದು. ನಮ್ಮಲ್ಲಿ ಇನ್ನೊಂದು ಬಾಗಿಲೂ ತೆರೆದಿದೆ: 2019ರಲ್ಲೇ ಕೇಂದ್ರ ಸರ್ಕಾರ 1952ರ ಗಣಿ ಕಾಯಿದೆಯಡಿ ಅಧಿಸೂಚನೆ ಹೊರಡಿಸಿ, ಭೂಗರ್ಭ ಗಣಿಗಳಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಮಹಿಳೆಯರನ್ನು ತೆಗೆದುಕೊಳ್ಳಲು ಅನುಮತಿ ಕೊಟ್ಟಿತು. ಲೋಡರನ್ನು ಮೇಲಿನಿಂದ ಓಡಿಸಲು ತೋಳಿನ ಬಲ ಬೇಕಿಲ್ಲ.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ಅದು ರಾಜ್ಯ ಸರ್ಕಾರದ್ದು, ಅಂದರೆ ನಮ್ಮದು. ಕೋಲಾರ ಕಲಿಸಿದ ಪಾಠವನ್ನು ಬಳಸಲು ಅದಕ್ಕಿಂತ ಒಳ್ಳೆಯ ಜಾಗ ನಮಗಿಲ್ಲ. ಸಿಡಿತದ ನಂತರ ಮೊದಲು ಒಳಗೆ ಹೋಗುವುದು ಯಂತ್ರವಾಗಲಿ. ಕೊರೆಯುವ ದೂಳಿನ ಎದುರು ನಿಲ್ಲುವುದು ಯಂತ್ರವಾಗಲಿ. ಬಂಡೆಯ ಸದ್ದು ಕೇಳುವ ಹಳೆಯ ಕೈಗಳನ್ನು ಮನೆಗೆ ಕಳಿಸುವ ಬದಲು, ಪರದೆಯ ಮುಂದೆ ಕೂರುವ ಹೊಸಬರ ಪಕ್ಕದಲ್ಲಿ ಕೂರಿಸಲಿ. ಆ ಹೊಸಬರು ಹಟ್ಟಿ, ಲಿಂಗಸುಗೂರು ಸುತ್ತಲಿನ ಐಟಿಐಗಳಲ್ಲಿ ಓದಿದ ಹುಡುಗ ಹುಡುಗಿಯರಾಗಿರಬೇಕು. ಅವರ ತರಬೇತಿಯ ಖರ್ಚು, ಅವಧಿ, ಆಮೇಲಿನ ಹುದ್ದೆ ಇಷ್ಟೂ ಯಂತ್ರ ಕೊಳ್ಳುವ ಟೆಂಡರಿನಲ್ಲೇ ಷರತ್ತಾಗಿ ಬರಬೇಕೆಂದು ಈ ಸಭೆಯಲ್ಲಿರುವ ಗಣಿ ಇಲಾಖೆಯ ಅಧಿಕಾರಿಗಳನ್ನು ನಾನು ಕೇಳಿಕೊಳ್ಳುತ್ತೇನೆ.